ಮೂರು ತಂತಿಗಳ ಪಾಠ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಹಳೆಯ ನೆನಪುಗಳನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ನನ್ನನ್ನು ಕೇಳಿದರು. ನೆನಪುಗಳನ್ನು ಬರೆಯಲು ನನಗಿಂತ ಸಮರ್ಥರಾದವರು ನಮ್ಮಲ್ಲಿದ್ದಾರೆ. ಆದುದರಿಂದ ಮಿತ್ರರ ಕ್ಷಮೆ ಕೋರಿ, ಕಳೆದ ವರ್ಷ ಒಂದು ತಗಡಿನ ಶೆಡ್ಡಿನಲ್ಲಿ ಕುಳಿತು ನಾನು ಕಲಿತ ಪಾಠವೊಂದನ್ನೂ, ಅದರಿಂದ ನನ್ನಲ್ಲಿ ಮೂಡಿದ ಅಭಿಪ್ರಾಯವನ್ನೂ ಓದುಗರ ಮುಂದಿಡುತ್ತಿದ್ದೇನೆ. ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಮಹೋತ್ಸವ ನಿಧಿಯಿಂದ ಶಾಲೆಯ ಮುಂಭಾಗದಲ್ಲಿ ಕಮಾನು ಕಟ್ಟಿಸಬೇಕೆಂಬ ಸೂಚನೆ ಸಮಿತಿಯ ಮುಂದಿದೆ. ಕಮಾನು ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕಿಂತ ಮೊದಲು, ಮಕ್ಕಳು ಕೈಯಾರೆ ಕೆಲಸ ಮಾಡಿ, ಕನ್ನಡದಲ್ಲಿ ಪ್ರಶ್ನೆ ಕೇಳಿ, ಕನ್ನಡದಲ್ಲಿಯೇ ಬರೆದಿಡುವ ಒಂದು ಕೆಲಸದ ಕೋಣೆ ನಮ್ಮ ಶಾಲೆಗೆ ಬೇಕು.

ನಾನು 1967 ರಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಗ ಹೊಸೂರು ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2004 ರಲ್ಲಿ. ಎಪ್ಪತ್ತರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ, ರಾಗಿ ಹೊಲದ ಮಕ್ಕಳು ಫಿಟ್ಟರುಗಳೂ ಟರ್ನರುಗಳೂ ಆದರು. ಬಾಗಲೂರು, ತಳಿ, ಡೆಂಕಣಿಕೋಟೆ ಕಡೆಯಿಂದ ಬಂದು ನಮ್ಮ ಶಾಲೆಯಲ್ಲಿ ಓದಿದವರು ಕಾರ್ಖಾನೆಗಳ ಯಂತ್ರಗಳ ಮುಂದೆ ನಿಂತು ಸಂಸಾರ ಸಾಗಿಸಿದರು. ಆದರೆ ಅದೇ ತಂದೆಯರು ತಮ್ಮ ಮಕ್ಕಳ ಸರದಿ ಬಂದಾಗ, "ಮೇಷ್ಟ್ರೇ, ಕನ್ನಡದಲ್ಲಿ ಓದಿದರೆ ಯಂತ್ರದ ವಿದ್ಯೆ ಹತ್ತುವುದಿಲ್ಲ" ಎಂದು ವರ್ಗಾವಣೆ ಪತ್ರ ಪಡೆದುಕೊಂಡು ಹೋದರು. ನಾನು ಅವರನ್ನು ತಡೆಯಲಿಲ್ಲ. ತಡೆಯುವ ನೈತಿಕ ಅಧಿಕಾರವೂ ನನಗಿರಲಿಲ್ಲ. ಏಕೆಂದರೆ ನನ್ನ ಕಿರಿಯ ಮಗನನ್ನು ನಾನೇ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದ್ದೆ. ಈ ಸಂಗತಿ ಊರಿಗೆಲ್ಲ ಗೊತ್ತಿದ್ದರೂ ಯಾರೂ ನನ್ನೆದುರು ಆಡಲಿಲ್ಲ. ಇಂದು ನಾನೇ ಆಡುತ್ತಿದ್ದೇನೆ. ಅವನು ಈ ಲೇಖನವನ್ನು ತಡೆತಡೆದು ಓದಬೇಕಾಗುತ್ತದೆ.

ಇನ್ನು ಶೆಡ್ಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದಾನೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಬಿಡುವಿನ ವೇಳೆಯಲ್ಲಿ ಮರದ ಫಲಕಗಳ ಮೇಲೆ ಅಕ್ಷರ ಕೆತ್ತುವ ಪುಟ್ಟ ಸಿ.ಎನ್.ಸಿ. ಯಂತ್ರವೊಂದನ್ನು ತಾನೇ ಜೋಡಿಸಿಕೊಂಡಿದ್ದಾನೆ. ಅವನ ಮಗಳು ನಮ್ಮ ಶಾಲೆಯಲ್ಲಿಯೇ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಮಹೋತ್ಸವಕ್ಕೆಂದು ಶಾಲೆಯ ಹೆಸರಿನ ಫಲಕವನ್ನು ಉಚಿತವಾಗಿ ಕೆತ್ತಿಕೊಡುವುದಾಗಿ ಅವನು ಒಪ್ಪಿಕೊಂಡಿದ್ದ. ಅಕ್ಷರಗಳಲ್ಲಿ ತಪ್ಪಿಲ್ಲದಂತೆ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಗಾಗಿ ನಾನು ಅಲ್ಲಿಗೆ ಹೋಗತೊಡಗಿದೆ.

ಯಂತ್ರ ನೋಡಲು ಸರಳವಾಗಿದೆ. ಅಡ್ಡ, ಉದ್ದ, ಮೇಲೆ-ಕೆಳಗೆ ಎಂಬ ಮೂರು ದಿಕ್ಕುಗಳಲ್ಲಿ ಉಳಿಯನ್ನು ಒಯ್ಯಲು ಸ್ಟೆಪ್ಪರ್ ಮೋಟಾರುಗಳು. ಅವುಗಳಿಗೆ ಆಜ್ಞೆ ಕೊಡಲು ಅಂಗೈಯಗಲದ ಆರ್ಡುಯಿನೋ ಊನೋ ಬೋರ್ಡು. ಅದರ ಮೇಲೆ ಮೋಟಾರು ಡ್ರೈವರುಗಳನ್ನು ಹೊತ್ತ ಸಿ.ಎನ್.ಸಿ. ಶೀಲ್ಡ್ ಎಂಬ ಇನ್ನೊಂದು ಬೋರ್ಡು. ಒಳಗೆ ಜಿಆರ್‌ಬಿಎಲ್ ಎಂಬ ತಂತ್ರಾಂಶ; ಇದು 2009 ರಲ್ಲಿ ಆರಂಭವಾಗಿ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಈ ಯಂತ್ರಕ್ಕೆ ಒಂದು ದೊಡ್ಡ ಕೊರತೆಯಿದೆ. ತಾನು ಎಲ್ಲಿದ್ದೇನೆ ಎಂಬುದು ಅದಕ್ಕೆ ತಿಳಿಯದು. ಹೊರಟ ಸ್ಥಳದಿಂದ ಎಷ್ಟು ಹೆಜ್ಜೆ ಇಟ್ಟೆನೆಂದು ಎಣಿಸಿಕೊಳ್ಳುತ್ತದೆ, ಅಷ್ಟೆ. ಕೆತ್ತನೆಯ ನಡುವೆ ಕರೆಂಟು ಹೋದರೆ ಎಣಿಕೆ ಅಳಿಸಿಹೋಗುತ್ತದೆ. ಮತ್ತೆ ಕಣ್ಣಂದಾಜಿನಲ್ಲಿ ಆರಂಭಿಸಿದರೆ ಅಕ್ಷರ ಎರಡು ಮಿಲಿಮೀಟರು ಸರಿದಿರುತ್ತದೆ. ಒತ್ತಕ್ಷರ ಮೇಲಿನ ಅಕ್ಷರದ ಹೊಟ್ಟೆಗೆ ನುಗ್ಗುತ್ತದೆ. ನಮ್ಮ ಶಾಲೆಯ ಮೊದಲನೆಯ ಫಲಕ ಹಾಳಾದದ್ದು ಹೀಗೆಯೇ.

ಇದಕ್ಕೆ ಪರಿಹಾರವೆಂದರೆ ಪ್ರತಿ ದಿಕ್ಕಿನ ಕೊನೆಯಲ್ಲಿ ಒಂದು ಗಡಿಕಲ್ಲು ನೆಡುವುದು. ಯಂತ್ರ ಆ ಗಡಿಯನ್ನು ಮುಟ್ಟಿ ಬಂದರೆ, ಅಲ್ಲಿಂದ ಎಣಿಕೆಯನ್ನು ಹೊಸದಾಗಿ ಆರಂಭಿಸಬಹುದು. ಇದನ್ನೇ ಹೋಮಿಂಗ್ ಎನ್ನುತ್ತಾರೆ. ಅವನು ಮೊದಲು ಒತ್ತುವ ಚಿಕ್ಕ ಸ್ವಿಚ್ಚುಗಳನ್ನು ಹಾಕಿದ್ದ. ಮರದ ಹುಡಿ ಸೇರಿ ಅವು ಕೈಕೊಟ್ಟವು. ಆಗ ಪ್ರಾಕ್ಸಿಮಿಟಿ ಸೆನ್ಸರ್ ಹಾಕಲು ನಿಶ್ಚಯಿಸಿದ. ಅದು ಲೋಹವನ್ನು ಮುಟ್ಟುವುದಿಲ್ಲ. ಲೋಹ ಹತ್ತಿರ ಬಂದರೆ ಸಾಕು, ತಿಳಿದುಕೊಳ್ಳುತ್ತದೆ. ಹುಡಿಯ ಕಾಟವಿಲ್ಲ, ಸವೆತವಿಲ್ಲ. ಕಾರ್ಖಾನೆಯಲ್ಲಿ ದಿನವೂ ನೋಡುವ ವಸ್ತು.

ಪೇಟೆಗೆ ಹೋಗಿ "ಪ್ರಾಕ್ಸಿಮಿಟಿ ಸೆನ್ಸರ್ ಕೊಡಿ" ಎಂದಷ್ಟೇ ಕೇಳಿ ಒಂದನ್ನು ತಂದ. ಕಂದು, ನೀಲಿ, ಕಪ್ಪು ಎಂಬ ಮೂರು ತಂತಿಗಳು. ಕಂದು ಪ್ಲಸ್ಸು, ನೀಲಿ ಮೈನಸ್ಸು, ಕಪ್ಪು ಸಂಕೇತ ಎಂಬುದು ಅವನಿಗೆ ಗೊತ್ತಿತ್ತು. ಸೆನ್ಸರಿಗೆ 12 ವೋಲ್ಟ್ ಕೊಟ್ಟು, ಕಪ್ಪು ತಂತಿಯನ್ನು ಬೋರ್ಡಿನ ಲಿಮಿಟ್ ಪಿನ್ನಿಗೆ ಸಿಕ್ಕಿಸಿ, ಕಬ್ಬಿಣದ ಪಟ್ಟಿಯೊಂದನ್ನು ಹತ್ತಿರ ಹಿಡಿದ. ಸೆನ್ಸರಿನ ಕೆಂಪು ದೀಪ ಬೆಳಗಿತು, ಬೋರ್ಡು ಸತ್ತಿತು. ಐದು ವೋಲ್ಟಿನ ಪಿನ್ನಿಗೆ ಹನ್ನೆರಡು ವೋಲ್ಟ್ ನುಗ್ಗಿತ್ತು.

ಅವನು ಹೊಸ ಬೋರ್ಡನ್ನೂ, ಬೇರೊಂದು ಸೆನ್ಸರನ್ನೂ, ಅದರ ಜೊತೆ ಬಂದ ಇಂಗ್ಲಿಷ್ ಕಾಗದವನ್ನೂ ಹಿಡಿದು ನನ್ನ ಮುಂದೆ ಕುಳಿತ. "ಇದರಲ್ಲಿ ಏನು ಬರೆದಿದೆ ಹೇಳಿ ಮೇಷ್ಟ್ರೇ" ಎಂದ. ನಾನು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದೆ. ಎನ್.ಪಿ.ಎನ್., ನಾರ್ಮಲಿ ಓಪನ್, ಓಪನ್ ಕಲೆಕ್ಟರ್. ಒಂದೊಂದು ಮಾತಿನ ಅರ್ಥವೂ ನನಗೆ ಗೊತ್ತು. ಒಟ್ಟಿನಲ್ಲಿ ಏನು ಹೇಳಿದೆಯೆಂಬುದು ಮಾತ್ರ ತಿಳಿಯಲಿಲ್ಲ. ಅವನಿಗೆ ವಸ್ತು ಗೊತ್ತು, ಕಾಗದ ಗೊತ್ತಿಲ್ಲ. ನನಗೆ ಕಾಗದ ಗೊತ್ತು, ವಸ್ತು ಗೊತ್ತಿಲ್ಲ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತ ಕುಳಿತೆವು.

ಆಗ ಬಾಗಿಲಲ್ಲಿ ನಿಂತಿದ್ದ ಹುಡುಗಿ ಕೇಳಿದಳು: "ತಾತ, ಕಬ್ಬಿಣ ಹತ್ತಿರ ಬಂದಾಗ ಈ ಕಪ್ಪು ತಂತಿ ಕರೆಂಟು ಕೊಡುತ್ತದೋ, ಇಲ್ಲ ಎಳೆದುಕೊಳ್ಳುತ್ತದೋ?"

ಓದುಗರು ಈ ಪ್ರಶ್ನೆಯನ್ನು ಇನ್ನೊಮ್ಮೆ ಓದಬೇಕೆಂದು ಬೇಡುತ್ತೇನೆ. ಆ ಕಾಗದದ ಸಾರವೆಲ್ಲ ಈ ಪ್ರಶ್ನೆಯಲ್ಲಿತ್ತು. ಸೆನ್ಸರುಗಳಲ್ಲಿ ಎರಡು ಜಾತಿ. ಪಿ.ಎನ್.ಪಿ. ಎಂಬುದು ಕೊಡುವ ಜಾತಿ. ಲೋಹ ಕಂಡಾಗ ಪ್ಲಸ್ಸನ್ನು ಕಪ್ಪು ತಂತಿಗೆ ಹರಿಸುತ್ತದೆ. ಎನ್.ಪಿ.ಎನ್. ಎಂಬುದು ಎಳೆಯುವ ಜಾತಿ. ಲೋಹ ಕಂಡಾಗ ಕಪ್ಪು ತಂತಿಯನ್ನು ಮೈನಸ್ಸಿಗೆ ಎಳೆಯುತ್ತದೆ. ಇತ್ತ ಬೋರ್ಡಿನ ಲಿಮಿಟ್ ಪಿನ್ನು ಒಳಗಿನ ಒಂದು ರೆಸಿಸ್ಟರಿನ ಮೂಲಕ ಐದು ವೋಲ್ಟಿನಲ್ಲಿ ನಿಂತು, ಯಾರಾದರೂ ತನ್ನನ್ನು ಕೆಳಗೆ ಎಳೆಯಲಿ ಎಂದು ಕಾಯುತ್ತಿರುತ್ತದೆ. ಎಳೆಯುವವನು ಬೇಕಾದ ಕಡೆ ಕೊಡುವವನನ್ನು ತಂದು ನಿಲ್ಲಿಸಿದ್ದರಿಂದ ಮೊದಲ ಬೋರ್ಡು ಸುಟ್ಟಿತ್ತು. ದೋಷ ಸೆನ್ಸರಿನದಲ್ಲ, ಅಂಗಡಿಯದೂ ಅಲ್ಲ. ಕೇಳಬೇಕಾದ ಪ್ರಶ್ನೆಯನ್ನು ನಾವು ಕೇಳಿರಲಿಲ್ಲ.

ಪ್ರಶ್ನೆ ಸಿಕ್ಕಿದ ಮೇಲೆ ಉತ್ತರವನ್ನು ಮೀಟರೇ ಹೇಳಿತು. ಹೊಸ ಸೆನ್ಸರನ್ನು ಬೋರ್ಡಿಗೆ ಮುಟ್ಟಿಸದೆ, 12 ವೋಲ್ಟ್ ಕೊಟ್ಟು, ಕಪ್ಪು ಮತ್ತು ನೀಲಿ ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿದೆವು. ಕಬ್ಬಿಣ ಹತ್ತಿರ ಬಂದಾಗ ಮುಳ್ಳು ಸೊನ್ನೆಯ ಬಳಿಗೆ ಇಳಿಯಿತು. ಎಳೆಯುವ ಜಾತಿಯೆಂದು ಖಚಿತವಾಯಿತು. ಆದರೆ ಕಬ್ಬಿಣ ದೂರ ಸರಿದಾಗ ಅದು ಹನ್ನೆರಡರ ಸಮೀಪಕ್ಕೆ ಏರಿತು. ಅಗ್ಗದ ಕೆಲವು ಸೆನ್ಸರುಗಳಲ್ಲಿ ಕಪ್ಪು ತಂತಿಯನ್ನು ಪ್ಲಸ್ಸಿಗೆ ಕಟ್ಟುವ ರೆಸಿಸ್ಟರೊಂದು ಒಳಗೇ ಇರುತ್ತದೆ. ಅಂದರೆ ಜಾತಿ ಸರಿಯಿದ್ದರೂ ನೇರವಾಗಿ ಜೋಡಿಸುವುದು ಕ್ಷೇಮವಲ್ಲ. ಸೆನ್ಸರಿಗೂ ಐದೇ ವೋಲ್ಟ್ ಕೊಟ್ಟರೆ ಹೇಗೆಂದು ನೋಡಿದೆವು. ಅದಕ್ಕೆ ಕನಿಷ್ಠ ಆರು ವೋಲ್ಟ್ ಬೇಕೆಂದು ಮೈಮೇಲೆಯೇ ಬರೆದಿತ್ತು. ಐದರಲ್ಲಿ ಅದು ಒಮ್ಮೆ ಕಂಡು ಒಮ್ಮೆ ಕಾಣದೆ ಆಟವಾಡಿತು.

ಇಲ್ಲಿ ತಂದೆಯ ಅನುಭವ ನೆರವಿಗೆ ಬಂತು. ಕಾರ್ಖಾನೆಯ ಪಿ.ಎಲ್.ಸಿ.ಗಳ ಬಾಗಿಲಲ್ಲಿ ಆಪ್ಟೋಕಪ್ಲರ್ ಎಂಬ ಪುಟ್ಟ ಬಿಡಿಭಾಗವಿರುತ್ತದೆಂದು ಅವನು ನೆನಪಿಸಿಕೊಂಡ. ಅದರೊಳಗೆ ಒಂದು ಕಡೆ ದೀಪ, ಇನ್ನೊಂದು ಕಡೆ ಬೆಳಕನ್ನು ಕಾಣುವ ಟ್ರಾನ್ಸಿಸ್ಟರ್. ಎರಡರ ನಡುವೆ ತಂತಿಯಿಲ್ಲ. ಬೆಳಕು ಮಾತ್ರ ದಾಟುತ್ತದೆ. ಪಿಸಿ817 ಎಂಬ ನಾಲ್ಕು ಕಾಲಿನ ಆಪ್ಟೋಕಪ್ಲರ್ ತಂದೆವು. 12 ವೋಲ್ಟಿನ ಪ್ಲಸ್ಸಿನಿಂದ 2200 ಓಮ್‌ನ ರೆಸಿಸ್ಟರ್ ಮೂಲಕ ಅದರ ಒಂದನೆಯ ಕಾಲಿಗೆ. ಎರಡನೆಯ ಕಾಲಿನಿಂದ ಸೆನ್ಸರಿನ ಕಪ್ಪು ತಂತಿಗೆ. ಆಚೆ ಕಡೆ, ನಾಲ್ಕನೆಯ ಕಾಲು ಬೋರ್ಡಿನ ಲಿಮಿಟ್ ಪಿನ್ನಿಗೆ, ಮೂರನೆಯ ಕಾಲು ಬೋರ್ಡಿನ ಗ್ರೌಂಡಿಗೆ. ಸೆನ್ಸರ್ ಎಳೆದಾಗ ಸುಮಾರು ಐದು ಮಿಲಿಆಂಪಿಯರ್ ಹರಿದು ದೀಪ ಬೆಳಗುತ್ತದೆ. ದೀಪ ಬೆಳಗಿದಾಗ ಪಿನ್ನು ಕೆಳಗಿಳಿಯುತ್ತದೆ. ಹನ್ನೆರಡು ವೋಲ್ಟ್ ತನ್ನ ಮನೆಯಲ್ಲಿ, ಐದು ವೋಲ್ಟ್ ತನ್ನ ಮನೆಯಲ್ಲಿ. ಕಂಪ್ಯೂಟರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಒತ್ತಿದಾಗ, ಕಬ್ಬಿಣ ಹಿಡಿದ ಸೆನ್ಸರಿನ ಅಕ್ಷರ ತೆರೆಯ ಮೇಲೆ ಮೂಡಿತು. ಹುಡುಗಿ ಹತ್ತು ಸಲ ಕಬ್ಬಿಣ ಹಿಡಿದು ಹತ್ತು ಸಲವೂ ಪರೀಕ್ಷಿಸಿದಳು.

ಆಮೇಲೆಯೂ ತೊಡಕುಗಳು ಬಂದವು. ಮೇಲೆ-ಕೆಳಗಿನ ದಿಕ್ಕಿನ ಸೆನ್ಸರ್ ಮಾತ್ರ ಉತ್ತರಿಸಲಿಲ್ಲ. ಶೀಲ್ಡಿನ ಮೇಲೆ ಅದರ ಸ್ಥಾನವೆಂದು ಅಚ್ಚಾಗಿದ್ದುದು 11 ನೆಯ ಪಿನ್ನು. ತಂತ್ರಾಂಶದ ಈಚಿನ ಆವೃತ್ತಿಗಳಲ್ಲಿ ಅದು ಉಳಿಯ ಮೋಟಾರಿನ ವೇಗಕ್ಕೆ ಮೀಸಲಾಗಿ, ಲಿಮಿಟ್ಟು ಸ್ಪಿಂಡಲ್ ಎನೇಬಲ್ ಎಂದು ಗುರುತಿಸಿದ 12 ನೆಯ ಪಿನ್ನಿಗೆ ಹೋಗಿದೆ. ಇನ್ನೊಂದು ಕಡೆ ಸೆನ್ಸರ್ ಬಹಳ ತಡವಾಗಿ ಎಚ್ಚರಗೊಳ್ಳುತ್ತಿತ್ತು. ನಾಲ್ಕು ಮಿಲಿಮೀಟರು ದೂರದಿಂದ ಕಾಣುತ್ತದೆಂಬುದು ಕಬ್ಬಿಣಕ್ಕೆ ಹೇಳಿದ ಮಾತು; ಯಂತ್ರದ ಚೌಕಟ್ಟಿನ ಅಲ್ಯುಮಿನಿಯಮ್ಮನ್ನು ಅದು ಅರ್ಧಕ್ಕಿಂತಲೂ ಕಡಿಮೆ ದೂರದಲ್ಲಿ ಮಾತ್ರ ಗುರುತಿಸುತ್ತದೆ. ಕಬ್ಬಿಣದ ಪಟ್ಟಿಯೊಂದನ್ನು ತಿರುಪಿನಿಂದ ಬಿಗಿದ ಮೇಲೆ ಸರಿಹೋಯಿತು. ಸೆನ್ಸರಿನ ತಂತಿಯನ್ನು ಮೋಟಾರಿನ ತಂತಿಯೊಡನೆ ಒಂದೇ ಕಟ್ಟಿನಲ್ಲಿ ಬಿಗಿದಿದ್ದರಿಂದ ಕಾರಣವಿಲ್ಲದೆ ಯಂತ್ರ ನಿಲ್ಲುತ್ತಿತ್ತು. ಬೇರೆ ಮಾಡಿದಾಗ ಆ ಕಾಟವೂ ನಿಂತಿತು.

ಕೊನೆಯದಾಗಿ ಒಂದು ಒಳ್ಳೆಯ ವಿಚಾರ ಚರ್ಚೆಗೆ ಬಂತು. ಇಲಿ ತಂತಿ ಕಡಿದರೆ ಏನು ಗತಿ ಎಂದು ಹುಡುಗಿ ಕೇಳಿದಳು. ಲೋಹ ಕಂಡಾಗ ಮಾತ್ರ ಎಳೆಯುವ ಸೆನ್ಸರಾದರೆ, ಕಡಿದ ತಂತಿಯೂ ಲೋಹವಿಲ್ಲದ ತಂತಿಯೂ ಬೋರ್ಡಿಗೆ ಒಂದೇ ಆಗಿ ಕಾಣುತ್ತವೆ. ಯಂತ್ರ ಗಡಿ ದಾಟಿ ಗುದ್ದುತ್ತದೆ. ಕಾರ್ಖಾನೆಯ ತುರ್ತು ನಿಲುಗಡೆಯ ಗುಂಡಿಗಳಲ್ಲಿ ಕರೆಂಟು ಸದಾ ಹರಿಯುತ್ತಿದ್ದು, ಕಡಿದಾಗಲೇ ಯಂತ್ರ ನಿಲ್ಲುತ್ತದೆಂದು ತಂದೆ ಹೇಳಿದ. ಅದರಂತೆ ಸದಾ ಎಳೆಯುತ್ತಿದ್ದು ಲೋಹ ಕಂಡಾಗ ಬಿಡುವ, ನಾರ್ಮಲಿ ಕ್ಲೋಸ್ಡ್ ಬಗೆಯ ಸೆನ್ಸರುಗಳನ್ನು ತಂದು, ತಂತ್ರಾಂಶದಲ್ಲಿ $5 ಎಂಬ ಸೂಚನೆಯನ್ನು ಒಂದಕ್ಕೆ ಬದಲಿಸಿದೆವು. ಈಗ ತಂತಿ ಕಡಿದರೂ, 12 ವೋಲ್ಟ್ ನಿಂತರೂ ಗಡಿ ಬಂದಿತೆಂದೇ ಯಂತ್ರ ತಿಳಿದು ನಿಲ್ಲುತ್ತದೆ.

ಈ ವಿವರಗಳನ್ನೆಲ್ಲ ಏಕೆ ಬರೆದೆನೆಂದರೆ, ಇವೆಲ್ಲವೂ ಕನ್ನಡದಲ್ಲಿ ನಡೆದ ಮಾತುಗಳು. ಸೆನ್ಸರ್, ಬೋರ್ಡು, ಪಿನ್ನು ಎಂಬ ಹೆಸರುಗಳು ಹೊರಗಿನವಾದರೆ ಏನಂತೆ? ಬಸ್ಸು, ಪೆನ್ನು, ಸೈಕಲ್ಲುಗಳನ್ನು ನಾವು ಎಂದೋ ನಮ್ಮವನ್ನಾಗಿ ಮಾಡಿಕೊಂಡಿದ್ದೇವೆ. ಕೊಡುವುದು, ಎಳೆಯುವುದು, ಬಿಡುವುದು, ದಾಟುವುದು ಎಂಬ ಕ್ರಿಯಾಪದಗಳಲ್ಲಿ ವಿದ್ಯೆಯಿದೆ. ಮಗು ಯಾವ ಭಾಷೆಯಲ್ಲಿ ಕ್ರಿಯಾಪದಗಳನ್ನು ಯೋಚಿಸದೆ ಬಳಸುತ್ತದೆಯೋ ಆ ಭಾಷೆಯಲ್ಲಿಯೇ ಸರಿಯಾದ ಪ್ರಶ್ನೆ ಹುಟ್ಟುತ್ತದೆ.

ಹಾಗೆಂದು ದೋಷವನ್ನೆಲ್ಲ ಇಂಗ್ಲಿಷಿನ ಮೇಲೆ ಹೊರಿಸಿ ನಾನು ಪಾರಾಗಲಾರೆ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ನಾನು ಇದೇ ಶಾಲೆಯಲ್ಲಿ ವಿಜ್ಞಾನ ಕಲಿಸಿದೆ. 1831 ರಲ್ಲಿ ಮೈಕೇಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದನೆಂದು ಸಾವಿರ ಸಲ ಹೇಳಿರಬಹುದು. ಸೆನ್ಸರಿನ ಮುಖದೊಳಗೆ ಇರುವುದು ಅದೇ ಪ್ರೇರಣೆ. ಒಂದು ಸುರುಳಿಯಲ್ಲಿ ವಿದ್ಯುತ್ತು ಅತಿ ವೇಗವಾಗಿ ಅತ್ತಿತ್ತ ತೂಗುತ್ತಿರುತ್ತದೆ. ಲೋಹ ಹತ್ತಿರ ಬಂದರೆ ಅದರಲ್ಲಿ ಸುಳಿ ಪ್ರವಾಹಗಳು ಹುಟ್ಟಿ ಶಕ್ತಿಯನ್ನು ಹೀರುತ್ತವೆ, ತೂಗಾಟ ಕುಗ್ಗುತ್ತದೆ, ಕುಗ್ಗಿದ್ದನ್ನು ಕಂಡು ಟ್ರಾನ್ಸಿಸ್ಟರ್ ಕೆಲಸ ಮಾಡುತ್ತದೆ. ನಾನು ಕಲಿಸಿದ ಪಾಠವೇ ನನ್ನ ಕೈಯಲ್ಲಿದ್ದರೂ ನನಗೆ ಅದರ ಗುರುತು ಹತ್ತಲಿಲ್ಲ. ಏಕೆಂದರೆ ನಾನು ಒಂದು ಸುರುಳಿಯನ್ನೂ ಮಕ್ಕಳ ಕೈಗೆ ಕೊಟ್ಟವನಲ್ಲ. ಕನ್ನಡದಲ್ಲಿ ಬಾಯಿಪಾಠ ಮಾಡಿಸಿದೆ, ಅಷ್ಟೆ. ಬಾಯಿಪಾಠಕ್ಕೆ ಭಾಷೆಯ ಭೇದವಿಲ್ಲ. ಅದು ಎಲ್ಲ ಭಾಷೆಗಳಲ್ಲಿಯೂ ಒಂದೇ ರೀತಿ ನಿಷ್ಫಲ. ನಮ್ಮಿಂದ ವರ್ಗಾವಣೆ ಪತ್ರ ಪಡೆದು ಹೋದ ತಂದೆಯರ ಮಾತಿನಲ್ಲಿ ಒಂದು ಪಾಲು ಸತ್ಯವಿತ್ತು. ಯಂತ್ರದ ವಿದ್ಯೆ ಹತ್ತದಿದ್ದುದಕ್ಕೆ ಕಾರಣ ಕನ್ನಡವಲ್ಲ, ನಮ್ಮ ಕಲಿಸುವ ರೀತಿ.

ಕಾರ್ಖಾನೆಯ ಕಾಗದಗಳೆಲ್ಲ ಇಂಗ್ಲಿಷಿನಲ್ಲಿವೆ, ಮೇಲ್ವಿಚಾರಕರ ಮಾತು ತಮಿಳಿನಲ್ಲಿದೆ, ಕನ್ನಡದಲ್ಲಿ ಕಲಿತು ಪ್ರಯೋಜನವೇನು ಎಂದು ಕೆಲವರು ಕೇಳಬಹುದು. 2006 ರಲ್ಲಿ ತಮಿಳು ಕಲಿಕೆಯ ಕಾಯ್ದೆ ಬಂದ ಮೇಲಂತೂ ನಮ್ಮಂಥ ಶಾಲೆಗಳಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ. ನಾನು ತಮಿಳನ್ನಾಗಲಿ ಇಂಗ್ಲಿಷನ್ನಾಗಲಿ ಬೇಡವೆನ್ನುವವನಲ್ಲ. ಈ ನೆಲದಲ್ಲಿ ಬಾಳುವ ನಮ್ಮ ಮಕ್ಕಳಿಗೆ ಮೂರೂ ಬೇಕು. ಆದರೆ ಆ ಹುಡುಗಿ ಕನ್ನಡದಲ್ಲಿ ವಿಷಯ ಹಿಡಿದ ಮೇಲೆ ಅದೇ ಇಂಗ್ಲಿಷ್ ಕಾಗದವನ್ನು ತಾನೇ ಓದಿದಳು. "ಓಪನ್ ಕಲೆಕ್ಟರ್ ಎಂದರೆ ಎಳೆಯಲು ಬಲ್ಲದು, ಕೊಡಲು ಅರಿಯದು" ಎಂದು ನನಗೇ ವಿವರಿಸಿದಳು. ತಿಳಿದದ್ದನ್ನು ಬೇರೆ ಭಾಷೆಯಲ್ಲಿ ಓದುವುದು ಸುಲಭ. ತಿಳಿಯದ್ದನ್ನು ತಿಳಿಯದ ಭಾಷೆಯಲ್ಲಿ ಓದುವುದು ಎರಡು ಪಟ್ಟು ಕತ್ತಲೆ.

ಆದುದರಿಂದ ಸಮಿತಿಯವರಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ನನ್ನ ವಿನಂತಿ ಇಷ್ಟೆ. ಒಂದು ಕೋಣೆ, ಗಟ್ಟಿಯಾದ ಎರಡು ಮೇಜುಗಳು, ನಾಲ್ಕಾರು ಮಲ್ಟಿಮೀಟರುಗಳು, 12 ಮತ್ತು 5 ವೋಲ್ಟಿನ ಪವರ್ ಸಪ್ಲೈ, ಒಂದೆರಡು ಬೋರ್ಡುಗಳು, ಕೊಡುವ ಮತ್ತು ಎಳೆಯುವ ಎರಡೂ ಜಾತಿಯ ಸೆನ್ಸರುಗಳು. ಇದಕ್ಕೆ ಕಮಾನಿನ ವೆಚ್ಚದ ಚಿಕ್ಕ ಪಾಲು ಸಾಕು. ಸಿಪ್ಕಾಟ್ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಬಂದು ಮಕ್ಕಳ ಜೊತೆ ಕುಳಿತರೆ ಬೇರೆ ಗುರುಗಳು ಬೇಡ. ಮೇಜಿನ ಮೇಲೆ ಒಂದು ದಪ್ಪ ನೋಟುಪುಸ್ತಕವಿರಲಿ. ಏನು ಜೋಡಿಸಿದೆವು, ಏನು ಸುಟ್ಟಿತು, ಏಕೆ ಸುಟ್ಟಿತು ಎಂಬುದನ್ನು ಮಕ್ಕಳು ಚಿತ್ರ ಸಹಿತ ಕನ್ನಡದಲ್ಲಿ ಬರೆಯಲಿ. ಅದರ ಮೊದಲ ಪುಟಗಳನ್ನು ಆ ಹುಡುಗಿ ಈಗಾಗಲೇ ತುಂಬಿದ್ದಾಳೆ. ಕಾಗುಣಿತದ ತಪ್ಪುಗಳನ್ನು ತಿದ್ದಿದ್ದು ಮಾತ್ರ ನನ್ನ ಸೇವೆ.

ಎರಡನೆಯ ಸಲ ಕೆತ್ತಿದ ಫಲಕ ಸಿದ್ಧವಾಗಿದೆ. ಕೆತ್ತನೆಯ ನಡುವೆ ಎರಡು ಸಲ ಕರೆಂಟು ಹೋಯಿತು. ಎರಡು ಸಲವೂ ಯಂತ್ರ ಗಡಿ ಮುಟ್ಟಿ ಬಂದು ಬಿಟ್ಟ ಅಕ್ಷರದಿಂದಲೇ ಮುಂದುವರಿಯಿತು. ಒತ್ತಕ್ಷರಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿವೆ. ಫಲಕವನ್ನು ಕಮಾನಿನ ಮೇಲೆ ಏರಿಸಬೇಕೋ, ಕೆಲಸದ ಕೋಣೆಯ ಬಾಗಿಲಿಗೆ ತೂಗುಹಾಕಬೇಕೋ ಎಂಬುದನ್ನು ತಾವೆಲ್ಲ ಸೇರಿ ನಿರ್ಧರಿಸಬೇಕು. ನನ್ನ ಮತವನ್ನು ನಾನು ಕೊಟ್ಟಿದ್ದೇನೆ. ನಮ್ಮ ಶಾಲೆ ನೂರು ವರ್ಷ ಬಾಳಲಿ, ಆಗಲೂ ಅದರ ಕೋಣೆಗಳಲ್ಲಿ ಮಕ್ಕಳು ಕನ್ನಡದಲ್ಲಿ ಪ್ರಶ್ನೆ ಕೇಳುತ್ತಿರಲಿ ಎಂದು ಹಾರೈಸಿ ವಿರಮಿಸುತ್ತೇನೆ.